ಹಿತ್ತಲಿನ ನೀಲಿ ಹರವಿ

ನಮ್ಮ ಮನೆಯಲ್ಲಿ ಯಾರೂ ಯಾರ ಜೊತೆಗೂ ಸುಮ್ಮನೆ ಮಾತಾಡಿದ್ದು ನನಗೆ ನೆನಪಿಲ್ಲ. ಒಂದು ತಂಬಿಗೆ ನೀರು ಕೇಳಿದರೂ ಅದರೊಳಗೊಂದು ಚುಚ್ಚುಮಾತು ಇರುತ್ತಿತ್ತು, ನೀರು ತಂದುಕೊಟ್ಟವರ ಉತ್ತರದಲ್ಲೂ ಇರುತ್ತಿತ್ತು. ಗಜೇಂದ್ರಗಡದ ಗುಡ್ಡದ ಕೆಳಗೆ, ನೇಕಾರರ ಓಣಿಯಲ್ಲಿ, ಮಣ್ಣಿನ ಮಾಳಿಗೆಯ ಮನೆ ಅದು. ಮುಂದೆ ಪಡಸಾಲೆ, ಅದರ ತುಂಬ ಅಪ್ಪನ ಮಗ್ಗ. ನಡುಮನೆಯಲ್ಲಿ ದೇವರ ಮಾಡ, ಜೋಳದ ಚೀಲ, ಸುತ್ತಿಟ್ಟ ಹಾಸಿಗೆ, ಕೌದಿಗಳು. ಆಚೆ ಹೊಗೆ ಹಿಡಿದು ಕಪ್ಪಾದ ಅಡಿಗೆಮನೆ, ಅದರಾಚೆ ಹಿತ್ತಲು. ಅಪ್ಪ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತರೆ ಸೊಂಟದಿಂದ ಮೇಲಿನ ಅಪ್ಪ ಮಾತ್ರ ನಮಗೆ ಕಾಣುತ್ತಿದ್ದ. ಚಿಕ್ಕವಳಿದ್ದಾಗ ಅಪ್ಪ ಅರ್ಧ ಮನುಷ್ಯ ಎಂದೇ ನಾನು ತಿಳಿದಿದ್ದೆ. ದೊಡ್ಡವಳಾದ ಮೇಲೂ ಆ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ.

ಮನೆ ನಡೆಸುತ್ತಿದ್ದವಳು ಅತ್ತಿ. ಅಪ್ಪನ ಅಕ್ಕ. ಮದುವೆಯಾಗಿ ನಾಲ್ಕು ದಿನ ಬಾಳುವೆ ಮಾಡುವುದರೊಳಗೆ ಗಂಡನನ್ನು ಕಳೆದುಕೊಂಡು, ಕಂಕುಳಲ್ಲಿ ಮಗಳು ಪಾರಕ್ಕನನ್ನು ಎತ್ತಿಕೊಂಡು ತವರಿಗೆ ತಿರುಗಿ ಬಂದವಳು. ಅದೇ ಹೊತ್ತಿಗೆ ಅಪ್ಪನ ತಾಯಿಯೂ ತೀರಿಕೊಂಡಿದ್ದರಿಂದ ಮೂಗು ಸೋರುವ ತಮ್ಮನನ್ನು ಅವಳೇ ತೊಳೆದು ಬಳಿದು ದೊಡ್ಡವನನ್ನಾಗಿ ಮಾಡಿದಳು. ಆ ಋಣವನ್ನು ಅಪ್ಪ ಮರೆಯಲಿಲ್ಲ. ಅತ್ತಿ ಮರೆಯಲು ಬಿಡಲೂ ಇಲ್ಲ. ಕೀಲಿಕೈ ಅವಳ ಸೊಂಟದಲ್ಲಿ, ಉಪ್ಪಿನ ಗಡಿಗೆ ಅವಳ ಕೈಯಲ್ಲಿ, ಅಪ್ಪನ ಮಾತು ಅವಳ ಬಾಯಲ್ಲಿ. ಅತ್ತಿಯ ಬಗ್ಗೆ ಒಂದಾದರೂ ಒಳ್ಳೆಯದನ್ನು ಬರೆಯಬೇಕು ಎಂದು ನನ್ನ ಮಗಳು ಹೇಳುತ್ತಾಳೆ. ಬರೆಯುತ್ತೇನೆ. ಅವಳ ಕೈಯ ಕೆಂಪು ಮೆಣಸಿನಕಾಯಿ ಹಿಂಡಿ ಚಲೋ ಇರುತ್ತಿತ್ತು. ಆಯಿತು.

ಅವ್ವ ನರಗುಂದದ ಕಡೆಯವಳು. ಚಿಕ್ಕನರಗುಂದದ ಒಕ್ಕಲುತನದ ಮನೆತನದಲ್ಲಿ ಹಾಲು ಮೊಸರಿನಲ್ಲಿ ಬೆಳೆದವಳನ್ನು ನೇಕಾರರ ಮನೆಗೆ ಯಾಕೆ ಕೊಟ್ಟರೋ, ಅದನ್ನು ಕೇಳಬೇಕಾದವರು ಈಗ ಯಾರೂ ಉಳಿದಿಲ್ಲ. ಮಗ್ಗದ ಕೆಲಸ ಬಾರದವಳು ಎಂಬುದು ಅವಳ ಮೇಲಿನ ಮೊದಲ ತಕರಾರು. ಕಲಿತ ಮೇಲೆ, ಒಕ್ಕಲಗಿತ್ತಿಯ ಒರಟು ಕೈ ಎಂಬುದು ಎರಡನೆಯದು. ಅತ್ತಿ ರೊಟ್ಟಿ ಬಡಿದು ಒಟ್ಟಿದರೆ ಅಂಚು ಸುಟ್ಟದ್ದು, ನಡುವೆ ಹರಿದದ್ದು ಯಾವಾಗಲೂ ಅವ್ವನ ತಾಟಿಗೆ ಬರುತ್ತಿದ್ದವು. ಅವ್ವ ಆ ತಾಟು ಎತ್ತಿಕೊಂಡು ಹಿತ್ತಲಿಗೆ ಹೋಗಿ, ನೀಲಿ ಹರವಿಯ ಹತ್ತಿರ ಕುಳಿತು ಉಣ್ಣುತ್ತಿದ್ದಳು. ಅವ್ವನ ಬಾಯಿಯೂ ಕಡಿಮೆಯದಲ್ಲ. ಒಳಗಿನಿಂದ ಒಂದು ಮಾತು ಬಂದರೆ ಹಿತ್ತಲಿನಿಂದ ಎರಡು ಹೋಗುತ್ತಿದ್ದವು. ನಡುವೆ ಕುಳಿತ ನಾನು ರೊಟ್ಟಿಯ ಜೊತೆಗೆ ಅದನ್ನೂ ನುಂಗುತ್ತಿದ್ದೆ. ನನ್ನ ನಾಲಿಗೆ ಯಾಕೆ ಇಷ್ಟು ಹರಿತ ಎಂದು ಮುಂದೆ ನಾನು ನರ್ಸ್ ಆದಾಗ ದವಾಖಾನೆಯಲ್ಲಿ ಜೊತೆಗಿದ್ದ ನರ್ಸುಗಳು ಕೇಳುತ್ತಿದ್ದರು. ಉತ್ತರ ಇಲ್ಲಿದೆ.

ಆ ಹರವಿಯ ವಿಷಯ ಹೇಳಬೇಕು. ಹಿತ್ತಲಿನ ಬೇವಿನ ಗಿಡದ ಬುಡದಲ್ಲಿ ಕುತ್ತಿಗೆವರೆಗೆ ಹುಗಿದ ದೊಡ್ಡ ಮಣ್ಣಿನ ಗಡಿಗೆ ಅದು. ಮಗ್ಗಕ್ಕೆ ಬೇಕಾದ ನೀಲಿ ನೂಲನ್ನು ಮನೆಯಲ್ಲೇ ಅದ್ದಿಕೊಳ್ಳುತ್ತಿದ್ದೆವು. ಅದರ ವಾಸನೆಗೆ ಮುಖ ಕಿವುಚಿ ಅತ್ತಿ ಆ ಕೆಲಸವನ್ನು ಅವ್ವನ ತಲೆಗೆ ಕಟ್ಟಿದ್ದಳು. ಶಿಕ್ಷೆಯೆಂದು ಕೊಟ್ಟ ಕೆಲಸವನ್ನು ಅವ್ವ ತನ್ನ ಆಸ್ತಿ ಮಾಡಿಕೊಂಡಳು. ನೀರು ಹಸಿರಾಗಿದೆಯೋ, ಹಳದಿಗೆ ತಿರುಗಿದೆಯೋ, ಸುಣ್ಣ ಹೆಚ್ಚಾಯಿತೋ ಎಂದು ಬೆರಳು ಅದ್ದಿ ನೋಡುತ್ತಿದ್ದಳು. ಅವಳ ಉಗುರು ಹನ್ನೆರಡು ತಿಂಗಳೂ ನೀಲಿ.

ಒಂದು ಬೇಸಿಗೆಯಲ್ಲಿ ನನ್ನ ಸೋದರಮಾವ, ಅವ್ವನ ತಮ್ಮ, ಊರಿನಿಂದ ಬಂದ. ಅವನು ಯುದ್ಧದ ಕಾಲಕ್ಕೆ ಮಿಲಿಟರಿ ಸೇರಿ ಸಿಂಗಾಪುರದ ಕಡೆ ಹೋಗಿ ಜಪಾನಿಯರ ಕೈಗೆ ಸೆರೆ ಸಿಕ್ಕಿದ್ದವನು. ಸತ್ತನೆಂದು ಮನೆಯವರು ಅತ್ತು ಮುಗಿಸಿದ ಮೇಲೆ ಒಂದು ದಿನ ಎಲುಬಿನ ಹಂದರವಾಗಿ ಅಂಗಳದಲ್ಲಿ ನಿಂತಿದ್ದನಂತೆ. ಅಲ್ಲಿಂದ ಅವನು ತಂದದ್ದು ಮಾತು ಮತ್ತು ಒಂದು ಕೈವಸ್ತ್ರದಷ್ಟು ನೀಲಿ ಅರಿವೆ. ಅದರ ಮೈತುಂಬ ಬಿಳಿ ಹೂವು. ನೇಯ್ದದ್ದಲ್ಲ, ಅಚ್ಚು ಒತ್ತಿದ್ದೂ ಅಲ್ಲ. ಅಪ್ಪ ಅದನ್ನು ಬೆಳಕಿಗೆ ಹಿಡಿದು, ತಿರುವಿ ಮುರುವಿ ನೋಡಿ, ಹೇಗೆ ಮಾಡಿದ್ದೆಂದು ತಿಳಿಯದೆ ತಿರುಗಿ ಕೊಟ್ಟ. ಮಾವ ಹೆಗಲ ಮೇಲಿನ ಟವೆಲ್ಲನ್ನು ಕಟ್ಟೆಯ ಮೇಲೆ ಹಾಸಿ ತೋರಿಸಿದ.

"ಅವರ ದಂಡಿನ್ಯಾಗ ಅರಿವಿ ಒಗಿಯಾಂವ ಒಬ್ಬ ಇದ್ದ ಅಕ್ಕಾ. ಅವರ ಊರಾಗ ಹಿಂಗ ಮಾಡ್ತಾರಂತ. ಮೊದಲ ಅರಿವಿ ಉದ್ದಕ ಮಡಚೂದು, ಆಮ್ಯಾಲ ನಾವು ಎಲಿ-ಅಡಕಿ ಮಡಚತೀವಲ್ಲ, ಹಂಗ ಮೂಲಿಗೆ ಮೂಲಿ ಹಚ್ಚಿ ಮಡಚಕೋತ ಹೋಗೂದು. ಎರಡೂ ಕಡೆ ಕಟಿಗಿ ಚಕ್ಕಿ ಇಟ್ಟು ದಾರ ಬಿಗದು ನೀಲಿಯೊಳಗ ಅದ್ದೂದು. ಬಿಗಿ ಕುಂತಲ್ಲಿ ಬಣ್ಣ ಹೋಗಂಗಿಲ್ಲ. ಬಿಚ್ಚಿದ್ರ ಹೂವು."

ಅತ್ತಿ ಒಳಗಿನಿಂದಲೇ ಉತ್ತರ ಕೊಟ್ಟಳು.

"ಹಿಡದು ಒಯ್ದವ್ರು ಹೊಟ್ಟಿಗಿ ಹಾಕಲಿಲ್ಲ, ಗಂಟ ಹಾಕೂದು ಕಲಿಸಿ ಕಳಿಸ್ಯಾರ ನೋಡು."

ಮಾವ ನಕ್ಕ. ಅವ್ವ ನಗಲಿಲ್ಲ. ಅವನು ಊರಿಗೆ ಹೋದ ಮರುದಿನವೇ ಮಗ್ಗದಿಂದ ಇಳಿಸಿದ ಬಿಳಿ ಬಟ್ಟೆಯ ಉಳಿಕೆ ತುಂಡೊಂದನ್ನು ಮಡಚಿ, ಮಗ್ಗದ ಹಳೆಯ ಹಣಿಗೆಯ ಮರದ ಪಟ್ಟಿ ಮುರಿದು ಎರಡೂ ಬದಿಗೆ ಇಟ್ಟು, ದಾರ ಬಿಗಿದು ಹರವಿಗೆ ಇಳಿಸಿದಳು. ಒಣಗಿಸಿ ಬಿಚ್ಚಿದಾಗ ಹೂವು ಬಂತು. ನೀರಿಗೆ ಹಾಕಿ ಹಿಂಡಿದ ಕೂಡಲೇ ಹೂವೂ ಹೋಯಿತು, ನೀಲಿಯೂ ಹೋಯಿತು. ಕೈಯಲ್ಲಿ ಉಳಿದದ್ದು ಮಸಿ ಅರಿವೆಯಂಥ ತುಂಡು. ನೇಕಾರರಿಗೆ ಮಾತ್ರ ಆಗುವ ತಪ್ಪು ಅದು. ನಾವು ನೂಲಿಗೆ ಮೊದಲು ಬಣ್ಣ ಹಾಕಿ, ಆಮೇಲೆ ಗಂಜಿ ಕುಡಿಸಿ, ಆಮೇಲೆ ನೇಯುವವರು. ನೇಯ್ದ ಬಟ್ಟೆಗೆ ಬಣ್ಣ ಹಾಕಿ ಗೊತ್ತೇ ಇಲ್ಲ. ಹಾಗಾಗಿ ಬಟ್ಟೆಯೊಳಗೆ ಗಂಜಿ ಕುಳಿತಿದೆ, ಬಣ್ಣ ಹಿಡಿದದ್ದು ನೂಲನ್ನಲ್ಲ, ಗಂಜಿಯನ್ನು ಎಂಬುದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅತ್ತಿ ಆ ತುಂಡನ್ನು ಬಾವಿಕಟ್ಟೆಗೆ ಒಯ್ದು ಓಣಿಯ ಹೆಂಗಸರಿಗೆಲ್ಲ ತೋರಿಸಿ ಬಂದಳು. ಮುಂದೆ ಎಷ್ಟೋ ದಿನ ಯಾರ ಮನೆಯ ಸಾರು ಕೆಟ್ಟರೂ "ಜಪಾನಿ ಆಗೇತಿ" ಎಂದು ನಗುತ್ತಿದ್ದರು.

ಅವ್ವ ಅದನ್ನೇ ಯೋಚಿಸುತ್ತ ತಿರುಗಾಡಿದಳು. ಒಂದು ದಿನ ಅಪ್ಪ ಹೊಸ ಧೋತರವನ್ನು ಉಡುವ ಮೊದಲು ಗಂಜಿ ಹೋಗಲೆಂದು ಹಳ್ಳಕ್ಕೆ ಒಯ್ದು ಕುಕ್ಕಿ ಕುಕ್ಕಿ ಒಗೆದದ್ದನ್ನು ನೋಡಿದವಳು ಹಣೆ ಬಡಿದುಕೊಂಡಳು. ಬಟ್ಟೆಯನ್ನು ಬೂದಿನೀರಿನಲ್ಲಿ ನೆನೆಹಾಕಿ, ಬಂಡೆಗೆ ಕುಕ್ಕಿ ಗಂಜಿಯನ್ನೆಲ್ಲ ಇಳಿಸಿ, ಮತ್ತೆ ಮಡಚಿ ಕಟ್ಟಿದಳು. ಈ ಸಲ ಬಿಚ್ಚುವಾಗ ನನ್ನನ್ನು ಕರೆದಳು. ಒಂದೊಂದು ಮಡಿಕೆ ತೆರೆದಂತೆ ಒಳಗಿನಿಂದ ಬಿಳಿ ಗೆರೆಗಳು ಹುಟ್ಟಿ, ಒಂದಕ್ಕೊಂದು ಕೂಡಿ, ಕಡೆಗೆ ಇಡೀ ತುಂಡು ಆರು ಮೂಲೆಯ ಬಿಳಿ ಮನೆಗಳಿಂದ ತುಂಬಿಹೋಯಿತು. ನೀರಿಗೆ ಹಾಕಿದರೂ ಅಲ್ಲಾಡಲಿಲ್ಲ. ಅವ್ವ ಅದನ್ನು ಮೊಣಕಾಲ ಮೇಲೆ ಹರವಿಕೊಂಡು ಕುಳಿತಳು. ಅವಳ ಮುಖ ಅಷ್ಟು ಸಮಾಧಾನದಲ್ಲಿ ಇದ್ದದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಸಂತೆಗೆ ಬರುತ್ತಿದ್ದ ಅಬ್ಬಿಗೇರಿಯ ಒಕ್ಕಲಗಿತ್ತಿಯರ ಕಣ್ಣಿಗೆ ಅದು ಬಿತ್ತು. ಕೂಸುಗಳ ತಲೆಗೆ ಹಾಕುವ ಕುಂಚಿಗೆಗೆ, ಕೌದಿಯ ಮೇಲುಹೊದಿಕೆಗೆ ಅಂಥದ್ದು ಬೇಕೆಂದು ಕೇಳತೊಡಗಿದರು. ಬದಲಿಗೆ ಸೇರುಗಟ್ಟಲೆ ಜೋಳ, ಶೇಂಗಾ, ಒಣಮೆಣಸಿನಕಾಯಿ ತಂದು ಸುರಿಯುತ್ತಿದ್ದರು. ಅತ್ತಿ ಆ ಶೇಂಗಾ ಹುರಿದು ತಿನ್ನುವಾಗ ಗಂಟಿನ ಮಾತು ತೆಗೆಯುತ್ತಿರಲಿಲ್ಲ. ಆದರೆ ಅಂದಿನಿಂದ ಅವಳ ಕಣ್ಣು ಹರವಿಯ ಮೇಲೆ ನೆಟ್ಟಿತು. ಹಿತ್ತಲಿಗೆ ಯಾರಾದರೂ ಬಂದು "ಗೌರವ್ವಾರ ಅದಾರೇನ್ರಿ?" ಎಂದು ಅವ್ವನ ಹೆಸರು ಹಿಡಿದು ಕೇಳಿದರೆ ಅವಳ ಮೈ ಉರಿಯುತ್ತಿತ್ತು. ಆ ಮನೆಯಲ್ಲಿ ಅವ್ವನಿಗೆ ಹೆಸರಿದೆ ಎಂಬುದೇ ಅಲ್ಲಿಯವರೆಗೆ ಓಣಿಗೆ ಗೊತ್ತಿರಲಿಲ್ಲ. ದಾರ ಸುತ್ತುತ್ತ ಅವ್ವ ಒಮ್ಮೆ ನನಗೆ ಹೇಳಿದ್ದಳು.

"ಈ ಮನ್ಯಾಗ ನಂದು ಅನ್ನೂದು ಈ ಹರವಿ ಒಂದ ಐತಿ, ಸರಸಿ. ಇದು ಹೋದ್ರ ನಾ ನಿಮ್ಮತ್ತಿ ಮನಿ ಆಳು, ಅಷ್ಟ."

ಹರವಿ ಮುಚ್ಚಿಸಲು ಅತ್ತಿಗೆ ದಾರಿ ತೋರಿಸಿದ್ದು ಅವಳ ಮಗಳ ಬಸಿರು. ಪಾರಕ್ಕನನ್ನು ಸವಡಿ ಎಂಬ ಊರಿಗೆ ಕೊಟ್ಟಿದ್ದರು. ಹಸಿರು ಸೀರೆ ಉಡಿಸಿ ಸೀಮಂತದ ಕುಬಸ ಮಾಡಿ, ಚೊಚ್ಚಲ ಹೆರಿಗೆಗೆ ತವರಿಗೆ ಕರೆತಂದರು. ಪಾರಕ್ಕ ಪಾಪದವಳು. ತಾಯಿಯ ಹೊಟ್ಟೆಯಲ್ಲಿ ಅಂಥ ಮಗಳು ಹೇಗೆ ಹುಟ್ಟಿದಳೋ. ಬಸುರಿ ಇದ್ದ ಮನೆಯಲ್ಲಿ ಗಂಟು ಇರಬಾರದು, ಗಂಟು ಇದ್ದರೆ ಕೂಸಿನ ದಾರಿ ಕಟ್ಟುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಇತ್ತು. ಹೆರಿಗೆಯ ಬ್ಯಾನೆ ಬಂದ ಹೊತ್ತಿನಲ್ಲಿ ಪೆಟ್ಟಿಗೆಯ ಕೀಲಿ ತೆಗೆಯುವುದು, ಬಸುರಿಯ ಹೆರಳು ಬಿಚ್ಚುವುದು ಎಲ್ಲ ಮನೆಗಳಲ್ಲೂ ಇತ್ತು. ಅತ್ತಿ ಅದನ್ನು ದಿನ ತುಂಬುವ ಮೊದಲೇ ಶುರುಮಾಡಿದಳು. ಜೋಳದ ಚೀಲದ ಬಾಯಿ ಬಿಚ್ಚಿದಳು, ಇಲಿಗೆ ಹಬ್ಬ. ಹೊರಸಿನ ಹಗ್ಗ ಬಿಚ್ಚಿದಳು, ಅಪ್ಪ ನೆಲಕ್ಕೆ ಮಲಗಿದ. ನನ್ನ ಹೆರಳು ಬಿಚ್ಚಿ, ಹಾಗೇ ಸಾಲಿಗೆ ಕಳಿಸಿದಳು. ದೆವ್ವ ಬಂತೆಂದು ಹುಡುಗರು ನಕ್ಕರು, ಮಾಸ್ತರರು ತಲೆ ಬಾಚಿಕೊಂಡು ಬಾ ಎಂದು ಹೊರಗೆ ನಿಲ್ಲಿಸಿದರು. ಅಪ್ಪನಿಗೆ ಹೇಳಿದೆ. ಅಪ್ಪ ಲಾಳಿ ಒಗೆಯುತ್ತಲೇ ಇದ್ದ.

ಒಂದು ಸಂಜೆ ಅತ್ತಿ ಹಿತ್ತಲಿಗೆ ಬಂದಳು. ಅಬ್ಬಿಗೇರಿಯ ಯಾರದೋ ಮನೆಯ ಮದುವೆಗೆಂದು ಅವ್ವ ಒಂದು ಬುಟ್ಟಿ ತುಂಬ ಅರಿವೆ ಕಟ್ಟಿ, ಆಗಷ್ಟೇ ಹರವಿಯಿಂದ ಎತ್ತಿ ಸಾಲಾಗಿ ಇಟ್ಟಿದ್ದಳು. ನೀರು ತೊಟ್ಟಿಕ್ಕುತ್ತಿತ್ತು.

"ಇವನ್ನೆಲ್ಲಾ ಈಗಿಂದೀಗ ಬಿಚ್ಚು, ಗೌರಾ."

"ಹಸಿ ಅದಾವ್ರಿ ಅಕ್ಕಾರ. ಈಗ ಬಿಚ್ಚಿದ್ರ ಬಣ್ಣ ಹರೀತೈತಿ. ಒಣಗಲಿ, ನಾಳಿ ಬಿಚ್ಚತೀನಿ."

"ನಿನ್ನ ಅರಿವಿ ಒಣಗೂ ತನಕ ನನ್ನ ಮಗಳ ಕೂಸು ಕಾಯಬೇಕೇನು? ಬಿಚ್ಚು. ಬಿಚ್ಚಿ ಆ ಹರವಿಗೆ ಕಲ್ಲು ಮುಚ್ಚು. ಇನ್ನ ಈ ಮನ್ಯಾಗ ಈ ಕೆಲಸ ಇಲ್ಲ."

"ಹೆರಿಗಿ ಆಗೂ ತನಕ ಅಂತೀರೋ, ಯಾವತ್ತೂ ಇಲ್ಲ ಅಂತೀರೋ?"

"ಇವತ್ತ ಬಸರಿ, ನಾಳೆ ಬಾಣಂತಿ, ನಾಡದ ಮತ್ತ ಬಸರಿ. ಹೆಣ್ಣಮಗಳ ತವರುಮನಿ ಇದು. ಯಾವತ್ತೂ ಇಲ್ಲ."

ಅವ್ವ ಎದ್ದು ಪಡಸಾಲೆಗೆ ಹೋಗಿ ಅಪ್ಪನ ಮುಂದೆ ನಿಂತಳು. ಅಪ್ಪ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ ಹಾಸಿನ ಮೇಲಿನ ಕಣ್ಣು ಎತ್ತಲಿಲ್ಲ. "ಅಕ್ಕ ಹೇಳಿದಂಗ ಮಾಡು" ಎಂದ. ಅವ್ವ ತಿರುಗಿ ಬಂದು ಕುಳಿತು, ಒಂದೊಂದೇ ಗಂಟನ್ನು ಬಿಚ್ಚಿದಳು. ಕತ್ತರಿ ಕೊಡಲೇ ಎಂದು ಕೇಳಿದೆ, ಬೇಡವೆಂದಳು. ಬಿಚ್ಚಿದ ಹಾಗೆ ನೀಲಿ ನೀರು ಮಡಿಕೆಯೊಳಕ್ಕೆ ಹರಿದು, ಬಿಳಿ ಮನೆಗಳೆಲ್ಲ ಒಂದೊಂದಾಗಿ ಮುಳುಗಿದವು. ಅತ್ತಿ ಸೊಂಟದ ಮೇಲೆ ಕೈಯಿಟ್ಟು, ಕಡೆಯ ತುಂಡು ಬಿಚ್ಚುವ ತನಕ ನಿಂತು ನೋಡಿದಳು. ಬಿಚ್ಚಿ ಮುಗಿಸಿದ ಅವ್ವ ಸೆರಗಿಗೆ ಕೈ ಒರೆಸಿಕೊಂಡು, ಓಣಿಗೆ ಕೇಳುವ ಹಾಗೆ ಹೇಳಿದಳು.

"ನನ್ನ ಗಂಟು ಬಿಚ್ಚಿ ಆತ್ರಿ. ಇನ್ನ ಮಗ್ಗದಾಗ ಒಂದೀಟ ನೋಡ್ರಿ. ಹಳೇ ಹಾಸಿನ ತುದಿಗೆ ಹೊಸ ಹಾಸು ಕೂಡಸೂ ಮುಂದ ಎಳಿಗೊಂದ ಗಂಟು ಹಾಕಿದಾಕಿ ನೀವ. ಅಷ್ಟೂ ಗಂಟು ಪಡಸಾಲ್ಯಾಗ ಕುಂತಾವ. ಕೂಸಿನ ದಾರಿ ಕಟ್ಟೂದಾದ್ರ ಅವೂ ಕಟ್ಟತಾವು. ಅವನ್ನ ಯಾರು ಬಿಚ್ಚತೀರಿ?"

ಅತ್ತಿ ಸೊಂಟದ ಮೇಲಿನ ಕೈ ಇಳಿಸಿ ಒಳಗೆ ನಡೆದಳು. ಅವಳನ್ನು ಮಾತಿನಲ್ಲಿ ಯಾರಾದರೂ ಕಟ್ಟಿಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಹಿಗ್ಗೋ ಹಿಗ್ಗು. ಹಗ್ಗ ಕಟ್ಟಿಲ್ಲದ ಹೊರಸಿನ ಚೌಕಟ್ಟಿನ ಮೇಲೆ ಕುಳಿತು ಕಾಲು ಅಲ್ಲಾಡಿಸಿದೆ. ಆ ಮಾತು ಅತ್ತಿಯ ಹೊಟ್ಟೆಗೆ ಹೋಗಿ ಕುಳಿತಿದೆ, ಅಲ್ಲಿ ಬೇರು ಬಿಡುತ್ತಿದೆ ಎಂಬುದು ಅವ್ವನಿಗೂ ತಿಳಿಯಲಿಲ್ಲ.

ಪಾರಕ್ಕನಿಗೆ ಬ್ಯಾನೆ ಶುರುವಾಗಿ ಒಂದು ಹಗಲು ಹೋಯಿತು, ಒಂದು ರಾತ್ರಿ ಹೋಯಿತು. ಸೂಲಗಿತ್ತಿ ಬೀಬವ್ವ ಹೊಟ್ಟೆಯ ಮೇಲೆ ಕೈಯಾಡಿಸಿ, "ಕೂಸು ಮಾರಿ ಮ್ಯಾಲ ಮಾಡಿ ಕುಂತೈತಿ, ತಾನ ಹೊಳ್ಳಬೇಕು, ಹೊಳ್ಳತೈತಿ, ಗಾಬರಿ ಆಗಬ್ಯಾಡ್ರಿ" ಎಂದಳು. ಅವಳು ಹೇಳಿದ್ದು ಖರೇ. ಮುಂದೆ ದವಾಖಾನೆಯ ಹೆರಿಗೆ ಕೋಣೆಯಲ್ಲಿ ಅಂಥವನ್ನು ಬೇಕಾದಷ್ಟು ನೋಡಿದೆ. ತಡವಾಗುತ್ತದೆ, ತಾಯಿಯ ಜೀವ ಹಿಂಡುತ್ತದೆ, ಎಷ್ಟೋ ಸಲ ಕೂಸು ತಾನೇ ತಿರುಗಿಕೊಂಡು ಬರುತ್ತದೆ. ಆದರೆ ಮಗಳು ನಡುಮನೆಯಲ್ಲಿ ಚೀರುತ್ತಿರುವಾಗ ಅತ್ತಿಗೆ ಯಾರ ಮಾತೂ ಬೇಕಾಗಿರಲಿಲ್ಲ. ರೋಣದ ದವಾಖಾನೆಗೆ ಒಯ್ಯುವುದೇ ವಾಸಿ ಎಂದು ಅಪ್ಪ ಎತ್ತಿನ ಚಕ್ಕಡಿ ಗೊತ್ತು ಮಾಡಲು ಹೋದ. ಅವ್ವ ಒಲೆಯ ಮುಂದೆ ನೀರು ಕಾಯಿಸುತ್ತಿದ್ದಳು. ನಾನು ನಡುಮನೆಯ ಬಾಗಿಲಲ್ಲಿ ಹೆದರಿ ನಿಂತಿದ್ದೆ. ಪಾರಕ್ಕನ ದನಿ ಇನ್ನೊಮ್ಮೆ ಏರಿತು. ಅತ್ತಿ ಎದ್ದಳು. ದೆವ್ವದ ಗಾಳಿ ಸೋಕದಿರಲೆಂದು ಮಗಳ ತಲೆದಿಂಬಿನ ಕೆಳಗೆ ಇಟ್ಟಿದ್ದ ಕುಡುಗೋಲನ್ನು ಎಳೆದುಕೊಂಡಳು. ನನ್ನನ್ನು ನೂಕಿ ಪಡಸಾಲೆಗೆ ಹೋದಳು.

ಬಿಗಿಯಾಗಿ ಎಳೆದ ಹಾಸು ಕೊಯ್ಯುವ ಸಪ್ಪಳ ಕೇಳಿದವರು ಕಡಿಮೆ. ನೇಕಾರರ ಮನೆಯಲ್ಲಿ ಅದನ್ನು ಯಾರೂ ಮಾಡುವುದಿಲ್ಲ. ಅರ್ಧ ನೇಯ್ದ ಹಾಸನ್ನು ನಡುವೆ ಕೊಯ್ಯುವುದೆಂದರೆ ಮನೆಮಂದಿಯ ಬಾಯಿಗೆ ಮಣ್ಣು ಹಾಕಿದ ಹಾಗೆ. ಅತ್ತಿ ಹುಲ್ಲು ಕೊಯ್ದಂತೆ ಹಿಡಿ ಹಿಡಿಯಾಗಿ ಕೊಯ್ದಳು. ಎಳೆಗಳು ಎರಡೂ ಕಡೆಗೆ ಸೆಟೆದು, ಒಂದರೊಳಗೊಂದು ಸಿಕ್ಕಿ, ಕೂದಲುಂಡೆಯ ಹಾಗೆ ಕುಣಿಯೊಳಕ್ಕೆ ಇಳಿದವು. ಕಡೆಯ ಹಿಡಿ ಕೊಯ್ದು ಅವಳು ಅಲ್ಲೇ ಕುಸಿದು ಕುಳಿತಳು. ಬಿಸಿನೀರಿನ ಕೊಡ ಹಿಡಿದು ಬಂದ ಅವ್ವ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು, ಕೊಡವನ್ನು ನಡುಮನೆಗೆ ಒಯ್ದಳು. ಅಪ್ಪನ ಚಕ್ಕಡಿ ಓಣಿಯ ತಿರುವಿಗೆ ಬರುವುದಕ್ಕೂ ಕೂಸು ಅಳುವುದಕ್ಕೂ ಸರಿಹೋಯಿತು. ಹೆಣ್ಣು ಕೂಸು, ತುಂಬಿಕೊಂಡ ಕೆನ್ನೆ, ಏನೂ ಆಗಿಲ್ಲ. ತಾಯಿಯೂ ಉಳಿದಳು.

ಬೀಬವ್ವನ ಕೈ ಸೋತದ್ದನ್ನು ಯಾರೂ ಕೇಳಲಿಲ್ಲ. ಕೂಸು ತಾನೇ ಹೊರಳಿದ್ದನ್ನೂ ಕೇಳಲಿಲ್ಲ. ಹಾಸು ಕೊಯ್ದಳು, ಗಂಟು ಹೋಯಿತು, ಕೂಸು ಬಂತು. ಸಂಜೆಯೊಳಗೆ ಇಡೀ ಗಜೇಂದ್ರಗಡಕ್ಕೆ ಇದೇ ಕಥೆ. ಮಗಳಿಗಾಗಿ ಮನೆಯ ಅನ್ನವನ್ನೇ ಕೊಯ್ದ ತಾಯಿ ಎಂದು ಹೆಂಗಸರು ಅತ್ತಿಯ ಕೈ ಹಿಡಿದು ಅತ್ತರು. ಅಪ್ಪ ಮಗ್ಗದ ಕುಣಿಯಿಂದ ಕೊಯ್ದ ಎಳೆಗಳ ಒಂದು ಹಿಡಿ ಎತ್ತಿದ.

"ಯಾರು ಕೊಯ್ದ್ರು?"

"ನಾನ ಕೊಯ್ದೆ. ಗಂಟು ಅಲ್ಲೈತಿ ಅಂತ ನಿನ್ನ ಹೆಂಡ್ತೀನ ಹೇಳಿದ್ಲು. ಹೌದಿಲ್ಲೋ, ಗೌರಾ?"

ಅಪ್ಪ ಕುಡುಗೋಲು ಹಿಡಿದವಳಿಗೆ ಒಂದು ಮಾತು ಅನ್ನಲಿಲ್ಲ. ಅವ್ವನ ಕಡೆ ತಿರುಗಿ, "ನಿನ್ನ ಬಾಯಿ" ಎಂದ. ಎರಡೇ ಮಾತು. ಹೊಡೆದಿದ್ದರೆ ನಾನು ಅಪ್ಪನನ್ನು ಯಾವತ್ತಾದರೂ ಕ್ಷಮಿಸುತ್ತಿದ್ದೆನೇನೋ.

ಮರುದಿನ ಬೆಳಗ್ಗೆ ಅವ್ವ ಹಿತ್ತಲಿಗೆ ಹೋಗಿ ಹರವಿಯ ಮೇಲಿನ ಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿದಳು. ಸಪ್ಪಳ ಕೇಳಿ ಅತ್ತಿ ಓಡಿ ಬಂದಳು. ಬಾಣಂತಿ ಮನೆ, ಹಸಿ ಮೈ, ಕೂಸಿನ ಜೀವ ಎಂದು ಕೂಗಾಡಿದಳು. ಅವ್ವ ಸುಣ್ಣ ಕಲಸುತ್ತಲೇ ಹೇಳಿದಳು.

"ಮಗ್ಗ ನಿಂತೈತಿ ಅಕ್ಕಾರ. ಹರವಿ ನಿಂದ್ರಂಗಿಲ್ಲ. ಬೇಕಾದ್ರ ಕುಡಗೋಲು ತಂದು ಇದನ್ನೂ ಕೊಯ್ರಿ."

"ಹಂಗಾರ ಕೇಳು. ನಿನ್ನ ಗಂಟಿನ ಅನ್ನ ಸತ್ತರೂ ನನ್ನ ಬಾಯಾಗ ಬೀಳಂಗಿಲ್ಲ."

ಅವ್ವ ಕಲಸಿದ ಸುಣ್ಣವನ್ನು ಹರವಿಗೆ ಸುರಿದಳು. ಅಂದಿನಿಂದ ಅತ್ತಿಯೊಂದಿಗೆ ಮಾತು ಬಿಟ್ಟಳು. ತಾನು ಆಡಿದ ಒಂದು ಮಾತು ಒಂದು ಹಾಸನ್ನು ತಿಂದಿತು ಎಂಬುದನ್ನು ಅವಳು ಮರೆಯಲಿಲ್ಲ. ಇನ್ನೊಂದನ್ನು ತಿನ್ನಲಿಕ್ಕೆ ಮಾತೇ ಇರಬಾರದು ಎಂದುಕೊಂಡಳೋ ಏನೋ. ಆ ಮೌನ ನನಗೆ ಜಗಳಕ್ಕಿಂತ ಕೆಟ್ಟದ್ದಾಗಿ ಕಂಡಿತು. ಜಗಳದಲ್ಲಿ ಅವ್ವ ಗೆಲ್ಲುವುದನ್ನಾದರೂ ನೋಡಬಹುದಿತ್ತು.

ಮನೆಯಲ್ಲಿ ಎರಡು ಒಲೆಗಳಾದವು. ಅಡಿಗೆಮನೆಯ ಒಲೆ ಅತ್ತಿಯದು. ಸವಡಿಯಿಂದ ಬೀಗರು ಬಾಣಂತಿಗೆಂದು ಜೋಳ, ಬೆಲ್ಲ, ಕೊಬ್ಬರಿ, ತುಪ್ಪ ಕಳಿಸುತ್ತಿದ್ದರು. ಅತ್ತಿಯ ಊಟವೂ ಅದರಲ್ಲೇ. ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿದ ಒಲೆ ನಮ್ಮದು. ಒಳಗಿನಿಂದ ಅಂಟಿನುಂಡಿಯ ಘಮ ಬರುತ್ತಿದ್ದರೆ ನಾವು ಒಣ ರೊಟ್ಟಿಗೆ ಖಾರ ಹಚ್ಚಿ ತಿನ್ನುತ್ತಿದ್ದೆವು. ಹಾಸು ಕೊಯ್ದ ಮನೆಗೆ ಮತ್ತೆ ನೂಲು ಕೊಡಲು ನೂಲಿನವರು ಹಿಂದೆಮುಂದೆ ನೋಡಿದರು. ಸಿಕ್ಕುಗಟ್ಟಿದ ಎಳೆಗಳನ್ನು ಬಿಡಿಸುತ್ತ ಅಪ್ಪ ಕೆಲವು ದಿನ ಕಳೆದ. ಬಿಡಿಸಿದ್ದಕ್ಕಿಂತ ಹರಿದದ್ದೇ ಹೆಚ್ಚು. ಕಡೆಗೊಂದು ದಿನ ಕುಣಿಯಿಂದ ಎದ್ದು ಹಿತ್ತಲಿಗೆ ಬಂದು, ಏನು ಮಾಡಲಿ ಎಂದು ಕೇಳದೆ, ಅವ್ವ ಕಟ್ಟಿಟ್ಟ ಗಂಟುಗಳನ್ನು ಹರವಿಗೆ ಅದ್ದತೊಡಗಿದ. ಅಪ್ಪನಿಗೆ ಕಾಲುಗಳಿವೆ ಎಂಬುದನ್ನು ನಾನು ಆಗ ಸರಿಯಾಗಿ ನೋಡಿದೆ.

ಪಾರಕ್ಕ ನನಗೆ ಕದ್ದು ಉಂಡಿ ಕೊಡುತ್ತಿದ್ದಳು. ತನ್ನ ಕೂಸಿಗೂ ಅಂಥದ್ದೊಂದು ಕುಂಚಿಗೆ ಬೇಕು ಎಂದು ಮೆಲ್ಲಗೆ ಕೇಳಿದಳು. ಅವ್ವ ಇದ್ದುದರಲ್ಲೇ ಮೆತ್ತನೆಯ ತುಂಡು ಆರಿಸಿ, ಮಡಿಕೆಗೆ ಮಡಿಕೆ ಸರಿಹೊಂದಿಸಿ ಕಟ್ಟಿ, ಅದ್ದಿ, ಒಣಗಿಸಿ, ಕುಂಚಿಗೆ ಹೊಲಿದು ನನ್ನ ಕೈಯಲ್ಲಿ ಕಳಿಸಿದಳು. ಮರುದಿನ ಅದು ಒಲೆಯ ಮುಂದೆ, ಬಿಸಿ ಗಡಿಗೆ ಇಳಿಸುವ ಅರಿವೆಯಾಗಿ ಅತ್ತಿಯ ಕೈಯಲ್ಲಿತ್ತು. ನಡುವಿನ ಬಿಳಿ ಹೂವಿಗೆ ಮಸಿ ಮೆತ್ತಿತ್ತು. ನಾನು ಅಳುತ್ತ ಹೇಳಿದಾಗ ಅವ್ವ ತಲೆ ಎತ್ತಲಿಲ್ಲ, ಕೈಯಲ್ಲಿನ ದಾರವನ್ನು ಇನ್ನಷ್ಟು ಬಿಗಿದಳು.

ಬಾಣಂತನ ಮುಗಿಯಿತು. ಸವಡಿಯವರು ಬಂದು ಪಾರಕ್ಕನನ್ನೂ ಕೂಸನ್ನೂ ಕರೆದೊಯ್ದರು. ಅವರ ಜೊತೆಗೆ ಸವಡಿಯ ಜೋಳವೂ ಹೋಯಿತು. ಮಗಳ ಮನೆಗೆ ಹೋಗಿ ಕೂಡುವಷ್ಟು ಅತ್ತಿ ಮಾನ ಬಿಟ್ಟವಳಲ್ಲ, ನಮ್ಮ ಒಲೆಗೆ ಬರುವಷ್ಟು ತನ್ನ ಆಣೆ ಮರೆತವಳೂ ಅಲ್ಲ. ಆದರೂ ದಿನವೂ ಅವಳ ಒಲೆ ಉರಿಯುತ್ತಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಏರುವುದನ್ನು ಓಣಿ ನೋಡುತ್ತಿತ್ತು. ನಾನು ಒಮ್ಮೆ ಕೆಂಡ ತರಲು ಒಳಗೆ ಹೋಗಿ, ಅವಳು ಆಚೆ ತಿರುಗಿದಾಗ ಗಡಿಗೆಯ ಮುಚ್ಚಳ ಸರಿಸಿದೆ. ಬರೀ ನೀರು ಕುದಿಯುತ್ತಿತ್ತು. ನನಗೆ ಪಾಪ ಅನಿಸಲಿಲ್ಲ. ಓಡಿ ಬಂದು ಹಬ್ಬದ ಸುದ್ದಿಯಂತೆ ಅವ್ವನಿಗೆ ಹೇಳಿದೆ. ಅವ್ವ ಆ ಹೊತ್ತು ಒಂದು ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಲೆ ಹಾಕಿ, ಅಡಿಗೆಮನೆಯ ಹೊಸ್ತಿಲ ಮೇಲೆ ಇಟ್ಟು ಬರಲು ನನಗೆ ಹೇಳಿದಳು. ಅಂಚು ಸುಟ್ಟ ರೊಟ್ಟಿ ಅಲ್ಲ, ಮೇಲಿನ ಚಲೋದು. ಅತ್ತಿ ಅದನ್ನು ಎತ್ತಿ, ನಾನು ನೋಡುತ್ತಿದ್ದಂತೆ, ಓಣಿಯಲ್ಲಿ ಹೋಗುತ್ತಿದ್ದ ಆಕಳಿಗೆ ಹಾಕಿದಳು. ತಾಟು ತೊಳೆದು ಹೊಸ್ತಿಲ ಮೇಲೆ ಬೋರಲು ಇಟ್ಟಳು. ಮರುದಿನವೂ ಹಾಗೇ. ಅದರ ಮರುದಿನ ಅವ್ವ ತಾಟು ಕಳಿಸಲಿಲ್ಲ.

ಅತ್ತಿ ಬಂದದ್ದು ಒಂದು ಮಧ್ಯಾಹ್ನ. ಬೇವಿನ ನೆರಳಿನಲ್ಲಿ ಅವ್ವ ಅರಿವೆ ಮಡಚುತ್ತಿದ್ದಳು, ನಾನು ದಾರ ತುಂಡು ಮಾಡಿ ಕೊಡುತ್ತಿದ್ದೆ, ಅಪ್ಪ ಹರವಿಯ ಮುಂದೆ ಬಾಗಿದ್ದ. ಅವಳು ಗೋಡೆ ಹಿಡಿದುಕೊಂಡು ಬಂದು ಬುಟ್ಟಿಯ ಹತ್ತಿರ ಕುಳಿತಳು. ಯಾರ ಮುಖವನ್ನೂ ನೋಡದೆ ಬುಟ್ಟಿಯಿಂದ ಒಂದು ತುಂಡು ಎಳೆದುಕೊಂಡಳು.

"ಪುಕ್ಕಟೆ ಉಣ್ಣಾಕಿ ಅಲ್ಲ ನಾ" ಎಂದಳು, ಗಿಡಕ್ಕೆ ಹೇಳಿದಂತೆ.

ಉದ್ದಕ್ಕೆ ಮಡಚಿದಳು. ಮೂಲೆಗೆ ಮೂಲೆ ಹಚ್ಚಿ ಮಡಚಿದಳು. ಎಲ್ಲಿಯೂ ತಡವರಿಸಲಿಲ್ಲ. ಇಷ್ಟು ದಿನ ಬೈಯುತ್ತ ಬೈಯುತ್ತ ಅವಳು ಎಲ್ಲವನ್ನೂ ನೋಡಿಕೊಂಡಿದ್ದಳು. ಪಟ್ಟಿಗಳನ್ನು ಎರಡೂ ಬದಿಗೆ ಇಟ್ಟು ದಾರ ಸುತ್ತಿ, ನೂಲಿಗೆ ಹಾಕುವ ನೇಕಾರರ ಸಣ್ಣ ಗಂಟು ಹಾಕಿದಳು. ಕಟ್ಟಿದ್ದನ್ನು ಅವ್ವನ ಮುಂದೆ ಇಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ನಮ್ಮ ಒಲೆಯ ಮೇಲಿನ ರೊಟ್ಟಿಯ ಕಡೆ ನೋಡಿದಳು.

ಅವ್ವ ಅದನ್ನು ಎತ್ತಿಕೊಂಡಳು. ನೀಲಿ ಉಗುರನ್ನು ದಾರದ ಕೆಳಗೆ ತೂರಿಸಿ ಎಳೆದಳು. ದಾರ ಜರುಗಿತು. ಅಪ್ಪ ಹರವಿಯಿಂದ ಕೈ ತೆಗೆದು ತಿರುಗಿ ನೋಡಿದ. ಅವ್ವ ಆ ಗಂಟನ್ನು ಅತ್ತಿಯ ಉಡಿಯಲ್ಲಿ ಹಾಕಿ, ಅಷ್ಟು ತಿಂಗಳ ಮೇಲೆ ಮೊದಲ ಸಲ ಅವಳೊಂದಿಗೆ ಮಾತಾಡಿದಳು.

"ಸಡ್ಲ ಆಗೇತ್ರಿ ಅಕ್ಕಾರ. ಬಿಚ್ಚಿ ಕಟ್ಟ್ರಿ."

ಅತ್ತಿ ತಮ್ಮನ ಕಡೆ ನೋಡಿದಳು. ಅಪ್ಪ ಮತ್ತೆ ಹರವಿಗೆ ಬಾಗಿದ. ಅತ್ತಿ ತಲೆ ತಗ್ಗಿಸಿ ಗಂಟು ಬಿಚ್ಚತೊಡಗಿದಳು. ನಾನು ಅವಳ ಕೈಗೆ ಹೊಸ ದಾರ ಕೊಟ್ಟೆ. ಆ ಮಧ್ಯಾಹ್ನ ನನಗಾದ ಸಂತೋಷ ಮುಂದೆ ನನ್ನ ಮದುವೆಯ ದಿನವೂ ಆಗಲಿಲ್ಲ.